ಒಂದೂವರೆ ಗಂಟೆಯ ಬಿಕ್ಕಳಿಕೆ

ನಮ್ಮೂರಲ್ಲಿ ಬಿಕ್ಕಳಿಕೆ ಬಂದವರು ಮೊದಲು ನೀರು ಹುಡುಕುವುದಿಲ್ಲ, ಹೆಸರು ಹುಡುಕುತ್ತಾರೆ. ಊರೊಳಗಿನ ಯಾರೋ ಒಬ್ಬರು ತಮ್ಮ ಫೋನಿನಲ್ಲಿ ನಿಮ್ಮ ಫೋಟೋವನ್ನೋ ಪೇಜಿನಲ್ಲಿ ನೀವು ಹಾಕಿದ್ದನ್ನೋ ತೆರೆದು ಕಣ್ಣು ನೆಟ್ಟು ನೋಡಿದರೆಂದರೆ ಇಲ್ಲಿ ನಿಮಗೆ ಬಿಕ್ಕಳಿಕೆ ಹತ್ತುತ್ತದೆ. ನೋಡಿದವರ ಹೆಸರು ನಿಮ್ಮ ಕಿವಿಗೆ ಬಿದ್ದ ಕೂಡಲೇ ನಿಲ್ಲುತ್ತದೆ. ನೀವೇ ಹೇಳಿಕೊಂಡರೂ ಸರಿ, ಬೇರೆಯವರು ಹೇಳಿದರೂ ಸರಿ. ಹೆಸರು ಸಿಗದಿದ್ದರೆ ಇಪ್ಪತ್ತು ನಿಮಿಷ ಪೀಡಿಸಿ ತಾನಾಗಿಯೇ ಹೋಗುತ್ತದೆ. ಪರ ಊರಿನವರು ಸಾವಿರ ಮಂದಿ ನೋಡಿದರೂ ಏನೂ ಆಗುವುದಿಲ್ಲ. ಈ ಗುಣ ಊರಿನವರ ಕಣ್ಣಿಗೆ ಮಾತ್ರ. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ಬೇಸಿಗೆಯಲ್ಲಿ ಬಿಸಿಲು ಯಾಕೆ ಎಂದು ಯಾರು ಕೇಳುತ್ತಾರೆ?

ಕೇಳದಿದ್ದರೂ ಎಲ್ಲರೂ ಹೊಂದಿಕೊಂಡಿದ್ದೇವೆ. ಪ್ರತಿ ಮನೆಯಲ್ಲೂ ನೀರಿನ ಹರವಿಯ ಮೇಲಿನ ಗೋಡೆಗೆ ಹೆಸರುಗಳ ಪಟ್ಟಿ ಅಂಟಿಸಿರುತ್ತಾರೆ. ಬೀಗರು, ಜಗಳವಾಡಿದವರು, ಹೆಣ್ಣು ನೋಡಿ ಹೋಗಿ ಸುದ್ದಿ ಹೇಳದವರು, ಎಲ್ಲರೂ ಅದರಲ್ಲಿರುತ್ತಾರೆ. ಶಾಲೆಯಲ್ಲಿ ಟೀಚರಿಗೆ ಬಿಕ್ಕಳಿಕೆ ಬಂದರೆ ಇಡೀ ಕ್ಲಾಸು ಮಗ್ಗಿ ಒಪ್ಪಿಸಿದ ಹಾಗೆ ಹೆಸರು ಒದರುತ್ತದೆ. ಕ್ಷೌರದ ಅಂಗಡಿಯವನು ಕತ್ತಿ ಎತ್ತಿಕೊಳ್ಳುವ ಮೊದಲು "ಈ ವಾರ ಯಾರ ಜೋಡಿನರ ಜಗಳ ಆಗೇತೇನ್ರಿ?" ಎಂದು ವಿಚಾರಿಸುತ್ತಾನೆ. ನಮ್ಮ ಓಣಿಯ ಹೊಸ ಸೊಸೆಯೊಬ್ಬಳಿಗೆ ಬಿಕ್ಕಳಿಕೆ ಹತ್ತಿ, ಮನೆಯವರೆಲ್ಲ ಅವಳ ತವರಿನ ಕಡೆಯ ಹೆಸರು ಒಂದೂ ಬಿಡದೆ ಹೇಳಿ ಸುಸ್ತಾದ ಮೇಲೆ, ಮೈದುನ ತಮಾಷೆಗೆ ತನ್ನ ಅವ್ವನ ಹೆಸರನ್ನೇ ಹೇಳಿದಾಗ ಗಪ್ಪನೆ ನಿಂತಿತಂತೆ. ಅತ್ತೆ ಅವತ್ತು ಊಟ ಮಾಡಲಿಲ್ಲವಂತೆ.

ತಾಳಿ ಕಟ್ಟುವ ಹೊತ್ತು, ಕಿವಿ ಚುಚ್ಚುವ ಹೊತ್ತು, ಕಣ್ಣಿನ ಆಪರೇಶನ್ನಿನ ಹೊತ್ತು, ಇಂಥವಕ್ಕೆಲ್ಲ ನಮ್ಮಲ್ಲಿ 'ಜೋಳಕ್ಕೆ ಹಾಕುವುದು' ಎಂಬ ಪದ್ಧತಿ ಇದೆ. ಹಿಂದಿನ ದಿನ ಪುರಸಭೆಯ ಗಾಡಿ ಮೈಕಿನಲ್ಲಿ ಕೂಗಿಕೊಂಡು ಹೋಗುತ್ತದೆ. ಸಣ್ಣ ಕೆಲಸವಾದರೆ ಅವರವರ ಮನೆಯ ಜೋಳದ ಚೀಲದಲ್ಲಿ ಫೋನು ಹುಗಿದರೆ ಸಾಕು. ದೊಡ್ಡ ಕೆಲಸವಾದರೆ ಪುರಸಭೆಯ ಅಂಗಳದಲ್ಲಿ ಆಳೆತ್ತರದ ಬಿದಿರಿನ ಕಣಜ ಇಟ್ಟು ಜೋಳ ತುಂಬುತ್ತಾರೆ. ಊರವರೆಲ್ಲ ಹೆಸರು ಬರೆದ ಅರಿವೆಯ ಚೀಲದಲ್ಲಿ ಫೋನು ಕಟ್ಟಿ ತಂದು ಅದರೊಳಗೆ ಹಾಕುತ್ತಾರೆ. ಕಣಜ ಕಾಯಲು ಒಬ್ಬ ನಂಬಿಗಸ್ತನನ್ನು ಕೂರಿಸುತ್ತಾರೆ. ಅವನ ಫೋನು ಎಲ್ಲರಿಗಿಂತ ಮೊದಲು, ಎಲ್ಲರ ಕಣ್ಣೆದುರಿಗೆ, ತಳಕ್ಕೆ ಬೀಳಬೇಕು. ಅಂಥ ಕಣಜಕ್ಕೆ ಒಂದು ಸಲ ನಾನು ಕಾವಲು ಕೂತಿದ್ದೆ. ಅವತ್ತು ನಾನು ಮಾಡಿದ್ದನ್ನು ಹೇಳಬೇಕಾಗಿದೆ. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ನನಗೆ ಹಾಗೇನೂ ಆಗಿಲ್ಲ, ಆದರೂ ಹೇಳುತ್ತೇನೆ.

ನನ್ನ ಹೆಸರು ಫಕೀರಪ್ಪ. ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬದ ಬ್ಯಾನರು, ಶ್ರದ್ಧಾಂಜಲಿಯ ಬ್ಯಾನರು, ನೂತನ ಅಧ್ಯಕ್ಷರಿಗೆ ಹಾರ್ದಿಕ ಅಭಿನಂದನೆಯ ಬ್ಯಾನರು, ಎಲ್ಲ ನನ್ನ ಮಶೀನಿನಿಂದಲೇ ಹೊರಬರುತ್ತವೆ. ಅದಕ್ಕೂ ಮೊದಲು ನಾನು ಬ್ರಷ್ ಹಿಡಿಯುತ್ತಿದ್ದೆ. ನಾನು ಮತ್ತು ದಾವಲಸಾಬ ಇಬ್ಬರೂ ಬೋರ್ಡು ಬರೆಯುವ ಕಾಳಪ್ಪ ಮಾಸ್ತರರ ಕೈಕೆಳಗೆ ಒಟ್ಟಿಗೆ ಕಲಿತವರು. ಒಂದೇ ಏಣಿಯ ಎರಡು ಮೆಟ್ಟಿಲ ಮೇಲೆ ನಿಂತು, ಒಂದೇ ಡಬ್ಬಿಯ ಬಣ್ಣದಲ್ಲಿ ಊರಿನ ಅರ್ಧ ಅಂಗಡಿಗಳಿಗೆ ಹೆಸರು ಬರೆದಿದ್ದೇವೆ. ಕೈ ನಡುಗದ ಹಾಗೆ ಉದ್ದ ಗೆರೆ ಎಳೆಯುವುದು ಅವನಿಗೆ ಒಲಿದಿತ್ತು. ನನಗೆ ಒಲಿಯಲಿಲ್ಲ. ಮಾಸ್ತರರು ನನ್ನ ಗೆರೆ ನೋಡಿ ಏನೂ ಅನ್ನುತ್ತಿರಲಿಲ್ಲ, ದಾವಲಸಾಬನ ಗೆರೆ ನೋಡಿ 'ಹೂಂ' ಅನ್ನುತ್ತಿದ್ದರು. ಆ 'ಹೂಂ' ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ಫ್ಲೆಕ್ಸ್ ಬಂದ ಮೇಲೆ ನಾನು ಬ್ರಷ್ ಬಿಟ್ಟು ಮಶೀನು ತಂದೆ. ಅವನು ಬಿಡಲಿಲ್ಲ. "ಮಶೀನು ಬರಿಯೂದಾದ್ರ ನಾ ಯಾಕ ಅದರ ಮುಂದ ಕುಂದರ್ಲಿ?" ಅಂದ. ಆಮೇಲಿನ ಹದಿನೈದು ವರ್ಷ ಅವನಿಗೆ ಕೆಲಸವೇ ಇರಲಿಲ್ಲ ಅನ್ನಬಹುದು. ಗೋಡೆಗೆ ಸುಣ್ಣ ಬಳಿದ, ಟ್ರ್ಯಾಕ್ಟರ್ ಟ್ರಾಲಿಯ ಹಿಂದೆ ಹೂಬಳ್ಳಿ ಬರೆದ. ಆಗೆಲ್ಲ ನಾನೇ ಅವನಿಗೆ ಸಣ್ಣಪುಟ್ಟ ಕೆಲಸ ಕಳಿಸುತ್ತಿದ್ದೆ. ಹಬ್ಬಕ್ಕೆ ಅವನ ಮನೆಗೆ ಹೋಗಿ ಸುರಕುಂಬಾ ಪಾಯಸ ಕುಡಿದು ಬರುತ್ತಿದ್ದೆ. ಅವನ ಮಗಳು ತಸ್ಲೀಮ್ ನನಗೆ ಕಾಕಾ ಅನ್ನುತ್ತಿದ್ದಳು. ಆಗ ನಾನು ಎಷ್ಟು ಒಳ್ಳೆಯ ಗೆಳೆಯನಾಗಿದ್ದೆ ಎಂದು ನೆನೆದರೆ ಈಗ ಮೈ ಜುಂ ಅನ್ನುತ್ತದೆ. ಅವನು ಕೆಳಗಿದ್ದ, ಅದಕ್ಕೇ ಗೆಳೆತನ ಸಲೀಸಾಗಿತ್ತು.

ಎರಡು ವರ್ಷದ ಹಿಂದೆ ಕಾಲೇಜಿಗೆ ಹೋಗುತ್ತಿದ್ದ ತಸ್ಲೀಮ್ ಅಪ್ಪ ಬೋರ್ಡು ಬರೆಯುವುದನ್ನು ವೀಡಿಯೋ ಮಾಡಿ ಹಾಕಲು ಶುರುಮಾಡಿದಳು. ಮಾತಿಲ್ಲ, ಹಾಡಿಲ್ಲ. ಬ್ರಷ್ಷು ಬಣ್ಣದಲ್ಲಿ ಅದ್ದುವುದು, ಡಬ್ಬಿಯ ಅಂಚಿಗೆ ಒರೆಸುವುದು, ಒಂದೇ ಉಸಿರಿನಲ್ಲಿ ಗೆರೆ ಬರುವುದು, ಅಷ್ಟೇ. ಜನಕ್ಕೆ ಹುಚ್ಚು ಹಿಡಿಯಿತು. ಎಲ್ಲೆಲ್ಲಿಯವರೋ ಅದಕ್ಕೆ ಹೃದಯ ಒತ್ತಿದರು. ದೂರದ ಊರಿನ ಹೋಟೆಲುಗಳವರು "ನಮಗೂ ಕೈಯಲ್ಲಿ ಬರೆದ ಬೋರ್ಡೇ ಬೇಕು" ಎಂದು ಹಲಗೆ ಕಳಿಸಿದರು. ನಾನೂ ನನ್ನ ಅಂಗಡಿಯ ಪೇಜು ಮಾಡಿದ್ದೆ. ಅದರಲ್ಲಿ ಅತ್ಯಂತ ಹೆಚ್ಚು ಹೃದಯ ಬಿದ್ದದ್ದು ಹನ್ನೊಂದು. ಅದರಲ್ಲಿ ಒಂದು ನನ್ನದೇ, ಇನ್ನೊಂದು ನನ್ನ ಹೆಂಡತಿ ನೀಲವ್ವನದು. ಅವಳ ಫೋನಿನಿಂದ ಅದನ್ನು ಒತ್ತಿದವನೂ ನಾನೇ.

ಮಧ್ಯಾಹ್ನ ಒಂದೂವರೆಗೆ ರೊಟ್ಟಿ ತಿಂದು ಅಂಗಡಿಯ ಶಟರ್ ಅರ್ಧ ಇಳಿಸಿ ಒರಗುವುದು ನನ್ನ ರೂಢಿ. ಒಂದು ದಿನ ಹಾಗೆ ಒರಗಿಕೊಂಡು ದಾವಲಸಾಬನ ಪೇಜು ತೆರೆದೆ. ಕಿರಾಣಿ ಅಂಗಡಿಯೊಂದರ ಬೋರ್ಡಿನ ಮುಂದೆ ಅವನು ನಿಂತ ಫೋಟೋ. ನೋಡುತ್ತ ಕೂತೆ. ಸಂಜೆ ಆ ಕಿರಾಣಿ ಅಂಗಡಿಯ ದಾರಿಯಲ್ಲಿ ಹೋಗುವಾಗ ಅದರ ಮುಂದಿನ ಅಂಗಡಿಯ ಹೊಸ ಬೋರ್ಡು ಕಂಡಿತು. ಎಲ್ಲ ಅಕ್ಷರವೂ ದುಂಡಗೆ, ಒಂದು ಅಕ್ಷರದ ಬಾಲ ಮಾತ್ರ ಥಟ್ಟನೆ ಪಕ್ಕಕ್ಕೆ ಹಾರಿತ್ತು. "ಮಧ್ಯಾಹ್ನ ದಾವಲಣ್ಣಗ ಬಿಕ್ಕಳಿಕಿ ಹತ್ತಿತ್ತು ನೋಡ್ರಿ" ಅಂದ ಅಂಗಡಿಯವನು. ಅದು ನಾನೇ ಎಂದು ನನಗೆ ಗೊತ್ತಾಯಿತು. ಬೇಜಾರಾಗಬೇಕಿತ್ತು. ನನಗೆ ಖುಷಿಯಾಯಿತು.

ಇದನ್ನು ಸುತ್ತಿ ಬಳಸಿ ಹೇಳಿ ಉಪಯೋಗವಿಲ್ಲ. ಮರುದಿನ ಒಂದೂವರೆಗೆ ಬೇಕೆಂದೇ ನೋಡಿದೆ. ಅದರ ಮರುದಿನವೂ ನೋಡಿದೆ. ಮಾಸ್ತರರಿಂದ 'ಹೂಂ' ಅನ್ನಿಸಿಕೊಂಡ ಕೈ ನನ್ನ ಹೆಬ್ಬೆಟ್ಟಿನ ಒತ್ತಿಗೆ ಜಾರುತ್ತದಲ್ಲ ಎಂಬುದು ಒಂದು ರುಚಿಯಾಗಿ ನಾಲಿಗೆಗೆ ಹತ್ತಿತು. ಕ್ರಮೇಣ ರುಚಿ ಹೋಗಿ ಚಟ ಉಳಿಯಿತು. ಊಟವಾದ ಮೇಲೆ ಎಲೆ ಅಡಿಕೆ ಹಾಕುವವರಿರುತ್ತಾರೆ, ಬೀಡಿ ಸೇದುವವರಿರುತ್ತಾರೆ. ನಾನು ಗೆಳೆಯನ ಪೇಜು ತೆರೆದು ಹೃದಯಗಳನ್ನು ಎಣಿಸುತ್ತಿದ್ದೆ. ಎಣಿಸಿ, ಬಂದಿರುವ ಕಾಮೆಂಟುಗಳಲ್ಲಿ ಯಾರಾದರೂ ತೆಗಳಿದ್ದಾರೆಯೇ ಎಂದು ಕೆಳತನಕ ಹುಡುಕುತ್ತಿದ್ದೆ. ಯಾರೂ ತೆಗಳಿರುತ್ತಿರಲಿಲ್ಲ. ಫೋನು ಬೋರಲು ಹಾಕಿ ಮಲಗಿದರೆ ಎದೆಯಲ್ಲಿ ಹುಳಿತೇಗು. ನೀಲವ್ವ ಅದಕ್ಕೆ ಜೀರಿಗೆ ನೀರು ಮಾಡಿಕೊಡುತ್ತಿದ್ದಳು.

ಊರಿನ ಬೋರ್ಡುಗಳಲ್ಲಿ ಬಾಲ ಹಾರಿದ ಅಕ್ಷರಗಳು ಹೆಚ್ಚುತ್ತ ಹೋದವು. ಬೆಳಿಗ್ಗೆ ಬರೆದವು ನೆಟ್ಟಗಿರುತ್ತಿದ್ದವು, ಮಧ್ಯಾಹ್ನದವುಗಳಲ್ಲಿ ಎಲ್ಲೋ ಒಂದು ಕಡೆ ಗೀರು. ಜನ ಅದನ್ನೇ ಅವನ ಸಹಿ ಎಂದು ಮೆಚ್ಚಿಕೊಂಡರು. ನಾನು ರಸ್ತೆಯಲ್ಲಿ ನಡೆದರೆ ಎಡಕ್ಕೊಂದು ಬಲಕ್ಕೊಂದು ನನ್ನ ಹೊಟ್ಟೆಕಿಚ್ಚು ಎನಾಮೆಲ್ ಬಣ್ಣದಲ್ಲಿ ನೇತಾಡುತ್ತಿತ್ತು. ತಲೆ ತಗ್ಗಿಸಿಕೊಂಡು ಓಡಾಡುವುದು ಕಲಿತೆ. ಆದರೆ ಮರುದಿನ ಒಂದೂವರೆಗೆ ಮತ್ತೆ ಅದೇ. ಅವನಿಗೆ ಯಾರೆಂದು ಗೊತ್ತಾಗಲಿಕ್ಕಿಲ್ಲ, ಇಷ್ಟು ಮಂದಿಯಲ್ಲಿ ನನ್ನ ಹೆಸರು ಯಾರು ಹೇಳುತ್ತಾರೆ ಎಂದು ಧೈರ್ಯ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಧೈರ್ಯ ಅದು.

ಹೀಗಿರುವಾಗ ಪುರಸಭೆಯವರು ಅಂಗಳದ ಮೂಲೆಯಲ್ಲಿರುವ ನೀರಿನ ಟ್ಯಾಂಕಿಗೆ ಬಣ್ಣ ಹೊಡೆಸಿ, ಅದರ ಮೇಲೆ 'ಶುದ್ಧ ಕುಡಿಯುವ ನೀರು' ಎಂದು ದೊಡ್ಡದಾಗಿ ಬರೆಸಬೇಕೆಂದು ತೀರ್ಮಾನಿಸಿದರು. ಅರವತ್ತು ಅಡಿ ಎತ್ತರ. ಒಂದೊಂದು ಅಕ್ಷರವೂ ಆಳೆತ್ತರ. ಇಬ್ಬರು ಆಳುಗಳು ಮೇಲಿನಿಂದ ಹಗ್ಗದಲ್ಲಿ ಇಳಿಬಿಟ್ಟ ಮಣೆಯ ಮೇಲೆ ಕೂತು ಬರೆಯಬೇಕು. ದಾವಲಸಾಬ ಒಪ್ಪಿಕೊಂಡ. ಅಷ್ಟು ಎತ್ತರದಲ್ಲಿ ಬಿಕ್ಕಳಿಕೆ ಬಂದರೆ ಗತಿ ಏನು ಎಂದು ಊರೇ ಮಾತಾಡಿತು. ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಎಲ್ಲರ ಫೋನೂ ಜೋಳಕ್ಕೆ ಎಂದು ಗಾಡಿ ಕೂಗಿತು. ಕಣಜ ಯಾರು ಕಾಯಬೇಕು ಎಂಬ ಮಾತು ಬಂದಾಗ ದಾವಲಸಾಬನೇ ಅಂದನಂತೆ: "ಫಕೀರಪ್ಪನ್ನ ಕುಂದರಸ್ರಿ. ಅಂವ ಇದ್ರ ನಾ ಕಣ್ಣ ಮುಚ್ಚಿ ಮ್ಯಾಲ ಏರ್ತೀನಿ."

ಆ ದಿನ ಬೆಳಿಗ್ಗೆ ಎಲ್ಲರೆದುರು ನನ್ನ ಫೋನನ್ನು ಚೀಲಕ್ಕೆ ಹಾಕಿ ಕಣಜದ ತಳಕ್ಕೆ ಬಿಟ್ಟೆ. ಜನ ಸಾಲುಗಟ್ಟಿ ತಮ್ಮವನ್ನು ಹಾಕಿದರು. ಮುದುಕಿಯರು ಸಹ ಸೆರಗಿನ ಗಂಟು ಬಿಚ್ಚಿ ಪುಟ್ಟ ಫೋನುಗಳನ್ನು ತೆಗೆದು ಕೊಟ್ಟರು. ಆದರೆ ನನ್ನ ಹತ್ತಿರ ಎರಡು ಫೋನು. ಒಂದು ಮನೆಯದು, ಒಂದು ಅಂಗಡಿಯದು. ಅಂಗಡಿಯ ಫೋನು ಪ್ಯಾಂಟಿನ ಹಿಂದಿನ ಜೇಬಿನಲ್ಲಿತ್ತು. ಬೇಕೆಂದು ಇಟ್ಟುಕೊಂಡೆನೋ, ಮರೆತೆನೋ? ಮರೆತೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಕೂತಾಗ ಅದು ಒತ್ತುತ್ತಿತ್ತು, ಮರೆಯುವುದು ಎಲ್ಲಿಂದ ಬಂತು?

ದಾವಲಸಾಬ ನನ್ನ ಹೆಗಲ ಮೇಲೆ ಕೈಯಿಟ್ಟು "ನೀ ಅದೀ ಅಂದಮ್ಯಾಲ ಚಿಂತಿಲ್ಲ ಬಿಡು" ಎಂದು ಹೇಳಿ ಏರಿದ. ಮಣೆಯ ಮೇಲೆ ಕೂತ. 'ಶುದ್ಧ' ಮುಗಿಯಿತು. 'ಕುಡಿಯುವ' ಶುರುವಾಯಿತು. ಕೆಳಗಿನ ಜನ ಕತ್ತೆತ್ತಿ ನೋಡುತ್ತ, ಒಂದೊಂದು ಅಕ್ಷರಕ್ಕೂ ಚಪ್ಪಾಳೆ ಹೊಡೆದರು. ಕೈಯಲ್ಲಿ ಫೋನಿಲ್ಲದೆ ಎಲ್ಲರ ಕೈಗಳೂ ಏನು ಮಾಡಬೇಕೆಂದು ತಿಳಿಯದೆ ಪರದಾಡುತ್ತಿದ್ದವು, ಚಪ್ಪಾಳೆಗೆ ಅದೂ ಒಂದು ಕಾರಣ. ನಾನು ಕಣಜದ ಹಿಂದೆ ನೆರಳಲ್ಲಿ ಕೂತಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಬೆರಳು ಕಡಿಯತೊಡಗಿತು. ಹಿಂದಿನ ಸಂಜೆ ತಸ್ಲೀಮ್ ಟ್ಯಾಂಕಿನ ಫೋಟೋ ಹಾಕಿದ್ದಳು. ನಾನು ನೋಡಿದಾಗ ಒಂಬತ್ತು ಸಾವಿರ ಹೃದಯ. ಈಗ ಹತ್ತು ದಾಟಿರಬಹುದೇ? ಫೋಟೋ ನೋಡುವುದಿಲ್ಲ, ಸಂಖ್ಯೆ ಮಾತ್ರ ನೋಡುತ್ತೇನೆ, ಸಂಖ್ಯೆ ನೋಡಿದರೆ ಯಾರಿಗೂ ಬಿಕ್ಕಳಿಕೆ ಬರುವುದಿಲ್ಲ ಎಂದು ನನಗೆ ನಾನೇ ವಕೀಲನಾದೆ. ಜೇಬಿನಿಂದ ಫೋನು ತೆಗೆದೆ.

ಟ್ಯಾಂಕಿನ ಫೋಟೋ ಮೇಲಿರಲಿಲ್ಲ. ತಸ್ಲೀಮ್ ಬೆಳಿಗ್ಗೆ ತನ್ನ ಫೋನನ್ನು ಜೋಳಕ್ಕೆ ಹಾಕುವ ಮೊದಲು ಇನ್ನೊಂದನ್ನು ಹಾಕಿದ್ದಳು. ಹಳೆಯ, ಮಾಸಿದ ಫೋಟೋ. ಒಂದು ಏಣಿ, ಅದರ ಮೇಲೆ ಇಬ್ಬರು ಹುಡುಗರು, ಒಬ್ಬ ಡಬ್ಬಿ ಹಿಡಿದಿದ್ದಾನೆ, ಇನ್ನೊಬ್ಬ ಬ್ರಷ್ಷು ಅದ್ದುತ್ತಿದ್ದಾನೆ. ಡಬ್ಬಿ ಹಿಡಿದವನು ನಾನು. ಕೆಳಗೆ ಬರೆದಿದ್ದಳು: 'ಅಬ್ಬಾ ಮತ್ತು ಫಕೀರಪ್ಪ ಕಾಕಾ. ಇವತ್ತು ಕಣಜ ಕಾಯುವವರು ಇವರೇ. ಅದಕ್ಕೇ ನಮಗೆ ಹೆದರಿಕೆ ಇಲ್ಲ.'

ಕಣ್ಣು ಅಲ್ಲಿಂದ ಏಳಲಿಲ್ಲ. ಮೇಲಿನಿಂದ ಆ ಸದ್ದು ಬಂತು.

ಮೊದಲ ಬಿಕ್ಕಿಗೆ ಬ್ರಷ್ಷು ಜಾರಿ 'ಯು' ಅಕ್ಷರದ ಬಾಲ ಟ್ಯಾಂಕಿನ ಹೊಟ್ಟೆಯ ಮೇಲೆ ಎರಡು ಮೊಳ ಕೆಳಗಿಳಿಯಿತು. ಎರಡನೆಯದಕ್ಕೆ ಬಣ್ಣದ ಡಬ್ಬಿ ಬಿದ್ದು ಅಂಗಳದಲ್ಲಿ ಒಡೆಯಿತು. ಮೂರನೆಯದಕ್ಕೆ ಮಣೆ ಓಲಾಡಿತು, ದಾವಲಸಾಬ ಎರಡೂ ಕೈಯಲ್ಲಿ ಹಗ್ಗ ತಬ್ಬಿಕೊಂಡ. ಜನ ಹೋ ಎಂದು ಎದ್ದರು. ಹೆಸರು ಕೂಗಲು ಶುರುವಾಯಿತು. ಒಬ್ಬರಿಗಿಂತ ಒಬ್ಬರು ಗಟ್ಟಿಯಾಗಿ, ತಮ್ಮ ಅಣ್ಣ ತಮ್ಮಂದಿರ, ಅತ್ತಿಗೆ ನಾದಿನಿಯರ, ಅವತ್ತು ಅಂಗಳಕ್ಕೆ ಬಾರದವರ ಹೆಸರುಗಳನ್ನೆಲ್ಲ ಆಕಾಶಕ್ಕೆ ಎಸೆದರು. ಒಂದೂ ತಾಗಲಿಲ್ಲ. ಮೇಲಿನಿಂದ ದಾವಲಸಾಬನೂ ಯಾವ್ಯಾವುದೋ ಹೆಸರು ಹೇಳಿಕೊಳ್ಳುತ್ತಿದ್ದ, ಅರ್ಧ ಹೆಸರನ್ನು ಬಿಕ್ಕಳಿಕೆ ನುಂಗುತ್ತಿತ್ತು.

"ತಂಗಿ, ನಿಮ್ಮಪ್ಪಗ ದಿನಾ ಮಧ್ಯಾಹ್ನ ಬಿಕ್ಕಳಿಕಿ ಬರ್ತಾವಲ್ಲ, ಅವು ಯಾರ್ವು? ಆ ಹೆಸರ ಹೇಳವಾ!" ಎಂದು ಯಾರೋ ತಸ್ಲೀಮಳನ್ನು ಕೇಳಿದರು.

ಅವಳು ಅಳುತ್ತಲೇ, ಮೇಲಕ್ಕೆ ಕೇಳದಷ್ಟು ಸಣ್ಣ ದನಿಯಲ್ಲಿ ಅಂದಳು: "ಅವು ಫಕೀರಪ್ಪ ಕಾಕಾನ್ವು ರೀ. ಒಂದೂವರಿ ಆತಂದ್ರ ಕಾಕಾ ನೆನಸ್ತಾರ, ಅಬ್ಬಾ ಅವರ ಹೆಸರ ಹೇಳಿ ನೀರ ಕುಡೀತಾರ. ಇವು ಅವಲ್ಲ. ಕಾಕಾ ಇಲ್ಲೇ ಕಣಜದ ಹಂತೇಕ ಅದಾರಲ್ರಿ. ಇವು ಬ್ಯಾರೇ ಯಾರ್ವೋ!"

ಎರಡು ವರ್ಷ! ಪ್ರತಿದಿನವೂ ಅವನಿಗೆ ಗೊತ್ತಿತ್ತು. ಮೊದಲ ಬಿಕ್ಕಿಗೋ ಎರಡನೆಯದಕ್ಕೋ ಗೆರೆ ಜಾರುತ್ತಿತ್ತು, ಆಮೇಲೆ ಅವನು ನನ್ನ ಹೆಸರು ಹೇಳಿ, ನೀರು ಕುಡಿದು, ಮತ್ತೆ ಬ್ರಷ್ಷು ಎತ್ತಿಕೊಳ್ಳುತ್ತಿದ್ದ. ಇವತ್ತು ಊರಲ್ಲಿರುವ ಎಲ್ಲ ಹೆಸರನ್ನೂ ಹೇಳುತ್ತಾನೆ, ನನ್ನದೊಂದನ್ನು ಬಿಟ್ಟು. ಕಣಜದ ಪಕ್ಕ ಕೂತವನ ಹೆಸರು ಅವನ ನಾಲಿಗೆಗೆ ಬರುವುದೇ ಇಲ್ಲ.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಇದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟ. ಮೇಲೆ ಅವನ ಜೀವ ಎರಡು ಹಗ್ಗದಲ್ಲಿ ನೇತಾಡುತ್ತಿತ್ತು. ಕೆಳಗೆ ನಾನು ಫೋನನ್ನು ಜೇಬಿಗೆ ಸರಿಸಿ, ಜನರ ಜೊತೆ ನಿಂತು, ನನ್ನ ಷಡ್ಡಕನ ಹೆಸರು ಕೂಗಿದೆ. ಕೂಗುತ್ತಲೇ ಬಿಕ್ಕಳಿಕೆ ಎಣಿಸಿದೆ. ಹೃದಯ ಎಣಿಸಿ ರೂಢಿಯಾದ ತಲೆ ಅದನ್ನೂ ಎಣಿಸಿತು. ಏಳು, ಎಂಟು, ಒಂಬತ್ತು. ತಾನಾಗಿಯೇ ನಿಂತೀತು ಎಂದು ಕಾದೆ. ಹನ್ನೊಂದನೆಯದಕ್ಕೆ ಮಣೆಯ ಒಂದು ಬದಿ ಜಾರಿ ಓರೆಯಾಯಿತು. ಅವನ ಕಾಲುಗಳು ಗಾಳಿಯಲ್ಲಿ ಒದ್ದಾಡಿದವು. ಬಲಗೈ ಹಗ್ಗಕ್ಕೂ ಟ್ಯಾಂಕಿನ ಅಂಚಿಗೂ ನಡುವೆ ಸಿಕ್ಕಿಕೊಂಡಿತು. ತಸ್ಲೀಮ್ "ಅಬ್ಬಾ" ಎಂದು ಕಿರುಚಿದಳು.

"ಫಕೀರಪ್ಪ!" ಎಂದು ನಾನು ಕೂಗಿದೆ. ದನಿ ಒಡೆದು ಹೋಯಿತು. ಮತ್ತೊಮ್ಮೆ, ಗಂಟಲು ಹರಿಯುವ ಹಾಗೆ ಕೂಗಿದೆ. "ಫಕೀರಪ್ಪ! ದಾವಲಾ, ಫಕೀರಪ್ಪೋ! ನಾನೋ!"

ಬಿಕ್ಕಳಿಕೆ ನಿಂತಿತು. ಜನರ ಗದ್ದಲವೂ ನಿಂತಿತು. ಮೇಲಿದ್ದವರು ಹಗ್ಗ ಎಳೆದು ಅವನನ್ನು ಟ್ಯಾಂಕಿನ ಮೆಟ್ಟಿಲ ಕಡೆಗೆ ತಂದುಕೊಂಡರು. ಕೆಳಗಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಹಿಂದಿನ ಜೇಬಿನಲ್ಲಿ ಫೋನು ಉಬ್ಬಿಕೊಂಡಿತ್ತು. ಯಾರೂ ಬೈಯಲಿಲ್ಲ. ಒಬ್ಬ ಮುದುಕ ಮಾತ್ರ ಕಣಜವನ್ನು ನೋಡಿ, ನನ್ನನ್ನು ನೋಡಿ, "ಬೇಲಿನ ಎದ್ದು ಹೊಲಾ ಮೇಯ್ತು" ಅಂದ. ಭೂಮಿ ಬಾಯಿ ಬಿಡಲಿ ಎಂದು ಸೀತೆ ಯಾಕೆ ಕೇಳಿಕೊಂಡಳು ಎಂಬುದು ಆ ಅಂಗಳದಲ್ಲಿ ನನಗೆ ತಿಳಿಯಿತು. ಅವಳು ತಪ್ಪು ಮಾಡಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ದಾವಲಸಾಬ ಕೆಳಗೆ ಬಂದಾಗ ಬಲ ಮಣಿಕಟ್ಟು ಊದಿಕೊಂಡಿತ್ತು. ಮೂಳೆ ಮುರಿದಿತ್ತು ಎಂದು ಆಮೇಲೆ ಗೊತ್ತಾಯಿತು. ಅವನನ್ನು ಆಸ್ಪತ್ರೆಗೆ ಒಯ್ಯಲು ರಿಕ್ಷಾ ಹತ್ತಿಸುವಾಗ ಜನ ನನ್ನನ್ನು ತೋರಿಸಿ ಏನೋ ಹೇಳಿದರು. ಅವನು ನಕ್ಕ. "ಇರ್ಲಿ ಬಿಡ್ರಿ. ಅಷ್ಟ ಎತ್ತರ ಏರೀನಿ, ಅಂವಗ ಜೀವ ತಡೀಲಿಲ್ಲ, ಫೋಟೋ ತಗದ ನೋಡ್ಯಾನ. ಕಾಳಜಿ ಇದ್ದಾವರ ನೋಡ್ತಾರ, ಇಲ್ಲದಾವ್ರು ಯಾಕ ನೋಡ್ತಾರ? ಹೆಸರ ಅಂವನ ಒದರಿದ್ನಲ್ಲ" ಅಂದ. ಊರು ಆ ಮಾತನ್ನೇ ಹಿಡಿದುಕೊಂಡಿತು. ಪಾಪ ಫಕೀರಪ್ಪ, ಗೆಳೆಯನ ಮೇಲಿನ ಅಕ್ಕರೆಗೆ, ಮಾಯೆಗೆ ಹಾಗೆ ಮಾಡಿಬಿಟ್ಟ ಎಂದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಟ್ಯಾಂಕಿನ ಮೇಲೆ 'ಶುದ್ಧ ಕುಡಿಯು' ಎಂಬಲ್ಲಿಗೆ ಕೆಲಸ ನಿಂತಿತು, ಕೊನೆಯ ಅಕ್ಷರದ ಬಾಲ ಕೆಳಗೆ ಜೋತಿತ್ತು. ಪುರಸಭೆಯವರು ನನ್ನ ಅಂಗಡಿಗೆ ಬಂದು, ಅದನ್ನು ಮುಚ್ಚುವಂಥ ದೊಡ್ಡ ಫ್ಲೆಕ್ಸ್ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಮಶೀನು ಕೆಟ್ಟಿದೆ ಎಂದೆ. ನನ್ನ ಹಿಂದೆಯೇ ಮಶೀನು ಗರ್ ಗರ್ ಎಂದು ಯಾರದೋ ನಾಮಕರಣದ ಬ್ಯಾನರು ಉಗುಳುತ್ತಿತ್ತು.

ಆ ದಿನದಿಂದ ನಾನು ಅವನ ಪೇಜು ತೆರೆಯಲಿಲ್ಲ. ಒಂದೂವರೆಗೆ ಹೆಬ್ಬೆಟ್ಟು ತಾನಾಗಿ ಎದ್ದರೆ ಅದನ್ನು ಮುಷ್ಟಿಯೊಳಗೆ ಹಾಕಿಕೊಂಡು ಕೂರುತ್ತಿದ್ದೆ. ಆಸ್ಪತ್ರೆಗೂ ಹೋಗಲಿಲ್ಲ, ಅವನ ಮನೆಗೂ ಹೋಗಲಿಲ್ಲ. ಮುಖ ತೋರಿಸುವ ಧೈರ್ಯವಿರಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಅರ್ಧ ಇಳಿಸಿದ ಶಟರಿನ ಕೆಳಗೆ ಎರಡು ಕಾಲು ಕಂಡವು. ಬಗ್ಗಿಕೊಂಡು ದಾವಲಸಾಬ ಒಳಗೆ ಬಂದ. ಕೈಗೆ ಪ್ಲಾಸ್ಟರು, ಮುಖದಲ್ಲಿ ಗಾಬರಿ. ಬಂದವನೇ ನನ್ನ ಹಣೆ ಮುಟ್ಟಿ ನೋಡಿದ.

"ಯಾಕಲೇ ಫಕೀರ್ಯಾ, ಒಂಬತ್ತ ದಿನಾ ಆತು, ನನಗ ಬಿಕ್ಕಳಿಕಿನ ಬಂದಿಲ್ಲ. ಆರಾಮ ಅದೀಯಿಲ್ಲ? ನೀರಿನ ತಂಬಗಿ ಹಿಡ್ಕೊಂಡು ದಿನಾ ಕುಂದರ್ತೀನಿ. ನಿನಗ ಏನರ ಆತೋ ಏನೋ ಅಂತ ಇವತ್ತ ಎದ್ದ ಬಂದೆ" ಅಂದ.

ನಾನು ಅತ್ತುಬಿಟ್ಟೆ. ಅವನು ಎಡಗೈಯಲ್ಲಿ ನನ್ನ ಬೆನ್ನು ಸವರಿದ. "ಕೈ ಆದದ್ದಕ್ಕ ಅಳ್ತೀಯೇನ? ಹುಚ್ಚ ಅದೀ. ಆರ ವಾರದಾಗ ಕೂಡ್ತೈತಂತ" ಅಂದ. ಅವನು ಹಾಗೆ ಸವರುತ್ತಿದ್ದರೆ ನನಗೆ ಸಹಿಸಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಮಾಸ್ತರರ 'ಹೂಂ'ನಿಂದ ಶುರುಮಾಡಿ, ಮೊದಲ ದಿನದ ಖುಷಿ, ಹೃದಯಗಳ ಲೆಕ್ಕ, ತೆಗಳಿಕೆಯ ಹುಡುಕಾಟ, ಎರಡನೆಯ ಫೋನು, ಹನ್ನೊಂದರವರೆಗೆ ಎಣಿಸಿದ್ದು, ಯಾವುದನ್ನೂ ಬಿಡಲಿಲ್ಲ. "ಮಾಯಾ ಅಲ್ಲೋ ದಾವಲಾ, ಹೊಟ್ಟಿಕಿಚ್ಚು. ಬರೇ ಹೊಟ್ಟಿಕಿಚ್ಚು" ಅಂದೆ.

ಬೆನ್ನ ಮೇಲಿನ ಕೈ ನಿಂತಿತು. ಆಮೇಲೆ ಮೆಲ್ಲಗೆ ತೆಗೆದುಕೊಂಡ. ಮಶೀನಿನ ಕಡೆ ತಿರುಗಿದ. ಅವನು ಸಿಟ್ಟಾಗುತ್ತಾನೆ, ಬೈಯುತ್ತಾನೆ ಎಂದು ನಾನು ಕಾಯುತ್ತಿದ್ದೆ. ನಿಜ ಹೇಳಿದರೆ ಬೈಗುಳಕ್ಕಾಗಿಯೇ ನಾನು ಹೇಳಿಕೊಂಡದ್ದು, ನನ್ನ ಹೊರೆ ಇಳಿಯಲೆಂದು. ಅವನು ಬೈಯಲಿಲ್ಲ.

"ಎರಡ ವರ್ಷ ನಿನ್ನ ಹೆಸರ ಹೇಳಿ ನೀರ ಕುಡದೀನಲ್ಲೋ" ಅಂದ. ಶಟರಿನ ಹತ್ತಿರ ಹೋಗಿ ಬಗ್ಗುವ ಮೊದಲು, ತಿರುಗದೆಯೇ ಇನ್ನೊಂದು ಮಾತು ಹೇಳಿದ. "ನೀ ಇದನ್ನ ಹೇಳಬಾರದಿತ್ತು."

ಆಗ ನನಗೆ ಅರ್ಥವಾಯಿತು. ಕೆಲಸವಿಲ್ಲದ ಹದಿನೈದು ವರ್ಷ ಕಳೆದವನು, ಸಾವಿರಾರು ಮಂದಿ ಗುರುತಿಲ್ಲದವರು ಹೃದಯ ಒತ್ತುತ್ತಿದ್ದರೂ, ಒಬ್ಬ ಗೆಳೆಯ ತಪ್ಪದೆ ದಿನಾ ನೆನೆಸುತ್ತಾನೆಂದು ಆ ಒಂದು ತಂಬಿಗೆ ನೀರಿನಲ್ಲಿ ತೃಪ್ತಿಪಟ್ಟುಕೊಂಡಿದ್ದ. ಮೊದಲು ಅವನ ಕೈ ಮುರಿದೆ. ಆಮೇಲೆ ನನ್ನ ಸಮಾಧಾನಕ್ಕೆ ಅದನ್ನೂ ಕಸಿದುಕೊಂಡೆ.

ಮಣಿಕಟ್ಟು ಕೂಡಿದ ಮೇಲೆ ಅವನು ಮತ್ತೆ ಟ್ಯಾಂಕು ಏರಿ ಉಳಿದ ಅಕ್ಷರಗಳನ್ನು ಬರೆದು ಮುಗಿಸಿದ. ಆ ದಿನ ಕಣಜ ಕಾದವರು ಬೇರೆಯವರು. ನನ್ನ ಎರಡೂ ಫೋನುಗಳನ್ನು ನೀಲವ್ವನ ಕೈಯಲ್ಲಿ ಕಳಿಸಿ ನಾನು ಮನೆಯಲ್ಲೇ ಕೂತಿದ್ದೆ. ಜಾರಿದ ಬಾಲದ ಮೇಲೆ ಬಿಳಿ ಬಣ್ಣ ಹೊಡೆಯಿರಿ ಎಂದು ಪುರಸಭೆಯವರು ಹೇಳಿದರಂತೆ, ಅವನು ಹೊಡೆಯಲಿಲ್ಲವಂತೆ. ಇವತ್ತಿಗೂ ಅದು ಹಾಗೇ ಇದೆ. ನನ್ನ ಅಂಗಡಿಯ ಬಾಗಿಲಲ್ಲಿ ನಿಂತರೆ ನೇರ ಕಣ್ಣಿಗೆ ಬೀಳುತ್ತದೆ. ಪರ ಊರಿನವರು ಕೇಳಿದರೆ ಬಸ್ ಸ್ಟ್ಯಾಂಡಿನ ಮಕ್ಕಳು ಸಹ ಹೇಳುತ್ತಾರೆ, ಅದು ಫಕೀರಪ್ಪನ ಬಿಕ್ಕಳಿಕೆ ಅಂತ.

ಅವನು ಎರಡನೆಯ ಸಲ ಟ್ಯಾಂಕು ಏರಿ ಇಳಿದ ನಾಲ್ಕನೆಯ ದಿನ ಅಂಗಡಿಯಲ್ಲಿ ನಾನು ಕೊನೆಯ ತುತ್ತು ನುಂಗುವಾಗ ನನಗೆ ಬಿಕ್ಕಳಿಕೆ ಹತ್ತಿತು. ಎರಡು ವರ್ಷದಲ್ಲಿ ನನಗೆ ಬಿಕ್ಕಳಿಕೆ ಬಂದದ್ದೇ ಇಲ್ಲ. ನನ್ನನ್ನು ನೋಡುವವರು ಯಾರಿದ್ದರು? ಬುತ್ತಿ ತಂದಿದ್ದ ನೀಲವ್ವ ಗಡಬಡಿಸಿ ಹೆಸರು ಹೇಳತೊಡಗಿದಳು. ನನ್ನ ತಂಗಿ, ಭಾವ, ಷಡ್ಡಕ, ಬ್ಯಾನರಿನಲ್ಲಿ ಫೋಟೋ ಸಣ್ಣದಾಯಿತೆಂದು ಜಗಳವಾಡಿ ಹೋದ ಗಿರಾಕಿ. ಒಂದಕ್ಕೂ ನಿಲ್ಲಲಿಲ್ಲ. ಅವಳು ಗೋಡೆಯ ಗಡಿಯಾರ ನೋಡಿದಳು. ಒಂದೂವರೆ. ಆಮೇಲೆ ನನ್ನ ಮುಖ ನೋಡಿದಳು. ಆ ಹೆಸರನ್ನು ಅವಳು ಹೇಳಲಿಲ್ಲ, ನನಗೇ ಬಿಟ್ಟಳು.

ನನಗೂ ನಾಲಿಗೆ ಏಳಲಿಲ್ಲ. ಹೇಳಿ ನಿಲ್ಲದಿದ್ದರೆ ಎಂಬ ಹೆದರಿಕೆ ಒಂದು ಕಡೆ, ನಿಂತರೆ ಎಂಬ ಹೆದರಿಕೆ ಇನ್ನೊಂದು ಕಡೆ. ಎದೆ ನೋಯುವವರೆಗೆ ಬಿಕ್ಕಿದೆ. ಕೊನೆಗೆ ಗೋಡೆಯ ಕಡೆ ಮುಖ ಮಾಡಿ "ದಾವಲಸಾಬ" ಅಂದೆ.

ನಿಂತಿತು.

ಅಲ್ಲಿಂದ ದಿನಾ ಬರುತ್ತದೆ. ಒಂದು ದಿನವೂ ತಪ್ಪಿಲ್ಲ. ನನ್ನ ಪೇಜಿನಲ್ಲಿ ಇರುವುದು ನಾಲ್ಕು ಬ್ಯಾನರಿನ ಚಿತ್ರ, ಹೆಚ್ಚೆಂದರೆ ಹನ್ನೊಂದು ಹೃದಯ. ಅದನ್ನು ತೆರೆದು ಅವನು ಏನು ನೋಡುತ್ತಾನೋ, ಸಿಟ್ಟಿನಿಂದ ನೋಡುತ್ತಾನೋ, ಕ್ಷಮಿಸಿ ನೋಡುತ್ತಾನೋ, ನಾನು ಕೊಟ್ಟದ್ದನ್ನು ದಿನಕ್ಕೊಂದರಂತೆ ತಿರುಗಿಸುತ್ತಿದ್ದಾನೋ, ನನಗೆ ಗೊತ್ತಿಲ್ಲ. ರಸ್ತೆಯಲ್ಲಿ ಎದುರಾದರೆ ಇಬ್ಬರೂ ಚಪ್ಪಲಿ ನೋಡಿಕೊಂಡು ದಾಟುತ್ತೇವೆ. ನೀಲವ್ವ ಒಂದೂವರೆಗೆ ಮುಂಚೆಯೇ ತಂಬಿಗೆ ತುಂಬಿ ಪಕ್ಕದಲ್ಲಿಟ್ಟಿರುತ್ತಾಳೆ. ನಾನು ಅವನ ಹೆಸರು ಹೇಳಿ ನೀರು ಕುಡಿಯುತ್ತೇನೆ. ಯಾವ ಮನಸ್ಸಿನಿಂದ ನೋಡುತ್ತೀಯೋ ಮಾರಾಯಾ ಎಂದು ಕೇಳಬೇಕು ಅನ್ನಿಸುತ್ತದೆ. ಕೇಳುವ ಮುಖ ನನಗಿಲ್ಲ.